ದೊಡ್ಡತ್ತೆಗೆ ಹಾಸಿಗೆ ಹಾಸಿದವರು

ಪೆರಿನ್ ಬಂದರು, ಕ್ಯಾಲಿಫೋರ್ನಿಯಾ
ಸೆಪ್ಟೆಂಬರ್ 4, 1998

ರೇನೋ,

1987ರ ಫೆಬ್ರವರಿ 13ರ ಬೆಳಗ್ಗೆ ಪೆರಿನ್ ಹಳ್ಳದ ಉದ್ಯಾನದವರು ನಾವೆಲ್ಲ ದೊಡ್ಡತ್ತೆ ಎನ್ನುತ್ತಿದ್ದ ಕೆಂಪುಮರವನ್ನು ಕಡಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಆ ಪಾಪವನ್ನು ನನ್ನ ಗಂಡ ಡೆಲ್‌ನ ತಲೆಗೆ ಕಟ್ಟಿದರು. ಈ ಎರಡು ತಾರೀಖುಗಳನ್ನು ಊರು ಮರೆತಿದೆ, ನಾನು ಮರೆತಿಲ್ಲ. ಆದರೆ ಹನ್ನೊಂದು ವರ್ಷದ ಮೇಲೆ ನಿನಗೆ ಕಾಗದ ಬರೆಯಲು ಅದೊಂದೇ ಕಾರಣವಲ್ಲ. ಕಳೆದ ಭಾನುವಾರ ನಾನು ಆ ಮರದ ಅಡಿಭಾಗವನ್ನು ಕಣ್ಣಾರೆ ನೋಡಿದೆ.

ನನ್ನ ಮಂಡಿ ಸರಿಯಿಲ್ಲ. ಆದರೂ ತಿಂಗಳಿಗೊಮ್ಮೆ ಹಳ್ಳದ ದಾರಿಯನ್ನು ಪೂರ್ತಿ ನಡೆಯುತ್ತೇನೆ. ಡೆಲ್ ಉದ್ಯಾನದ ಕೆಲಸದಲ್ಲಿ ಇಪ್ಪತ್ತಾರು ವರ್ಷ ಕಾಯ್ದ ದಾರಿ ಅದು. ಅವನು ಇಟ್ಟ ಮೆಟ್ಟಿಲುಗಳು ಇನ್ನೂ ಅಲುಗಾಡಿಲ್ಲ. ದಾರಿಯ ಬಾಯಲ್ಲಿ ದೊಡ್ಡತ್ತೆ ನಿಂತಿದ್ದ ಜಾಗದಲ್ಲಿ ಈಗ ಪ್ರವಾಸಿ ಬಸ್ಸುಗಳು ತಿರುಗುವ ವೃತ್ತ ಇದೆ ಎಂಬುದು ನಿನಗೆ ಗೊತ್ತು. ಬುಡವನ್ನು ಆ ವರ್ಷವೇ ಕಿತ್ತರು. ದಿಮ್ಮಿಯ ಮೊದಲ ಇಪ್ಪತ್ತು ಅಡಿ ಸಂದರ್ಶಕರ ಕಟ್ಟಡದ ಮೇಜಾಯಿತು. ಉಳಿದದ್ದು ದಾರಿಯ ಪಕ್ಕದಲ್ಲಿ ಉದ್ದಕ್ಕೆ ಮಲಗಿದೆ, ಅದರ ಮುಂದೆ ಫಲಕ. ಆ ಫಲಕ ನನಗೆ ಬಾಯಿಪಾಠ: “ತಪಾಸಣೆಯಲ್ಲಿ ಕಣ್ತಪ್ಪಿದ ಕೊಳೆತದಿಂದ ದುರ್ಬಲವಾಗಿದ್ದ ಈ ಮರ 1987ರ ಫೆಬ್ರವರಿ 12ರ ಬಿರುಗಾಳಿಗೆ ಸೀಳಿ ವಾಲಿತು. ಸಂದರ್ಶಕರ ಸುರಕ್ಷತೆಗಾಗಿ ಮರುದಿನ ಉರುಳಿಸಲಾಯಿತು.”

ತಪಾಸಣೆ ಮಾಡಿದವನ ಹೆಸರು ಅದರಲ್ಲಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಉದ್ಯಾನದಲ್ಲಿ ಮರ ತಟ್ಟಿ ನೋಡುವವನು ಒಬ್ಬನೇ ಇದ್ದ. ಕೆಲಸ ಹೋದ ಮೇಲೆ ಏಡಿ ಇಳಿಸುವ ಕಟ್ಟೆಯ ಕಾವಲಿಗೆ ಸೇರಿದಾಗ ಅಲ್ಲಿನವರು ಅವನಿಗೆ “ಕುರುಡು ಡೆಲ್” ಎಂದು ಹೆಸರಿಟ್ಟರು. “ಡೆಲ್, ಇದು ಏಡಿನೋ ಕಪ್ಪೆನೋ ಸ್ವಲ್ಪ ತಟ್ಟಿ ನೋಡಿ ಹೇಳಪ್ಪ” ಎಂದು ನಗುತ್ತಿದ್ದರು. ನಾಲ್ಕು ವರ್ಷ ಅದನ್ನು ಕೇಳಿಸಿಕೊಂಡು ಸತ್ತ.

ಭಾನುವಾರ ಫಲಕದ ಮುಂದೆ ಫ್ರೆಸ್ನೋ ಕಡೆಯ ಗಂಡ ಹೆಂಡತಿ ನಿಂತಿದ್ದರು.

“ನೋಡೇ, ಯಾವನೋ ಒಬ್ಬ ನೆಟ್ಟಗೆ ನೋಡ್ಲಿಲ್ಲ, ಇಂಥ ಮರ ಹೋಯ್ತು.”

“ಸರ್ಕಾರಿ ಕೆಲಸ ಅಲ್ವಾ. ಕುರ್ಚಿ ಬಿಟ್ಟು ಎದ್ದಿರಲ್ಲ.”

“ಅವನಿಗೆ ಕುರ್ಚಿ ಇರ್ಲಿಲ್ಲಮ್ಮ, ಹೆಗಲ ಮೇಲೆ ಗುದ್ದಲಿ ಇತ್ತು” ಎಂದೆ.

“ಓ, ನಿಮಗೆ ಗೊತ್ತಾ ಅವರು?”

“ಮೂವತ್ತೊಂದು ವರ್ಷ ಅವನ ಅಂಗಿ ಒಗ್ದಿದ್ದೀನಿ.”

ಆಕೆ ಪಾಪ ಕೆಂಪಾದಳು. ಗಂಡ ಕ್ಯಾಮೆರಾ ಸರಿಮಾಡತೊಡಗಿದ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಓದಿದ್ದನ್ನು ನಂಬಿದರು.

ನಾನು ಮುಂದೆ ನಡೆದೆ. ಹೋದ ಚಳಿಗಾಲದ ಮಳೆಗೆ ಹಳ್ಳ ದಡ ಕೊರೆದು, ದಿಮ್ಮಿಯ ಬುಡದ ಕಡೆ ಎಂಟು ಹತ್ತು ಅಡಿ ಅಡಿಭಾಗ ಬಯಲಾಗಿದೆ. ಕೋಲೂರಿ ಬಗ್ಗಿ ನೋಡಿದೆ. ಟೊಂಗೆಗಳು, ರೇನೋ. ಅಡ್ಡಡ್ಡಲಾಗಿ, ಒಂದರ ಮೇಲೊಂದು, ನಡುವೆ ತುಳಿದು ಗಟ್ಟಿ ಮಾಡಿದ ಮಣ್ಣು. ಹಾಸಿಗೆ.

ಇದನ್ನು ಬೇರೆ ಯಾರು ನೋಡಿದ್ದರೂ ಕಸ ಎನ್ನುತ್ತಿದ್ದರು. ನಾನು ಮರ ಕಡಿಯುವವನ ಮಗಳು. ನಮ್ಮಪ್ಪನೂ ನೀನೂ ಒಂದೇ ಗರಗಸದ ಎರಡು ತುದಿ ಹಿಡಿದು ಎಳೆದವರು. ಕೆಂಪುಮರ ನೋಡಲು ರಾಕ್ಷಸ, ಬಿದ್ದರೆ ಗಾಜಿನ ಲೋಟ. ಹಾಸಿಗೆ ಹಾಸದೆ ಉರುಳಿಸಿದರೆ ತನ್ನ ಭಾರಕ್ಕೇ ಚೂರುಚೂರಾಗುತ್ತದೆ ಎಂದು ಅಪ್ಪ ಊಟದ ತಟ್ಟೆಯ ಮೇಲೆ ಬ್ರೆಡ್ಡಿನ ಚೂರು ಜೋಡಿಸಿ ತೋರಿಸುತ್ತಿದ್ದರು. ಮುನ್ನೂರು ಅಡಿ ಮರಕ್ಕೆ ಹಾಸಿಗೆ ಒಂದು ಬೆಳಗ್ಗೆಯಲ್ಲಿ ಆಗುವುದಿಲ್ಲ. ವಾರ ಬೇಕು, ಹತ್ತು ದಿನ ಬೇಕು. ಹನ್ನೆರಡರ ಸಂಜೆ ಬೀಸಿದ ಗಾಳಿಗೆ ವಾಲಿದ ಮರವನ್ನು ಹದಿಮೂರರ ಬೆಳಗ್ಗೆ ಗಡಿಬಿಡಿಯಲ್ಲಿ ಉರುಳಿಸಿದ್ದು ನಿಜವಾದರೆ ಅದರ ಕೆಳಗೆ ಹಾಸಿಗೆ ಹೇಗೆ ಬಂತು? ಗಾಳಿ ಬರುವ ಮೊದಲೇ ಮರಣದಂಡನೆ ಬರೆದಾಗಿತ್ತು. ಹಾಗಿದ್ದರೆ ಕೊಳೆತವೂ ಇರಲಿಲ್ಲ. ಡೆಲ್ 1986ರ ಸೆಪ್ಟೆಂಬರಿನಲ್ಲಿ ತಪಾಸಣೆಯ ವರದಿಯಲ್ಲಿ ಬರೆದ “ಗಟ್ಟಿ” ಎಂಬ ಮಾತೇ ನಿಜ.

ಅವನಿಗೆ ಆ ಮರ ಎಷ್ಟು ಗೊತ್ತಿತ್ತು ಎಂದರೆ, ಹದಿಮೂರರ ಬೆಳಗ್ಗೆ ತಿಂಡಿ ತಿನ್ನುವಾಗ ನಮ್ಮ ಕಿಟಕಿಯ ಗಾಜು ಒಮ್ಮೆ ನಡುಗಿತು. ಅವನು ಚಮಚ ಕೆಳಗಿಟ್ಟು “ದೊಡ್ಡತ್ತೆ ಮಲಗಿದ್ಲು” ಅಂದ. ಉದ್ಯಾನದಿಂದ ಫೋನು ಬಂದದ್ದು ಅದಾಗಿ ಇಪ್ಪತ್ತು ನಿಮಿಷಕ್ಕೆ. ಒಂದು ಸದ್ದಿನಲ್ಲಿ ಮರ ಗುರುತಿಸಿದವನನ್ನು ಕುರುಡ ಎಂದರು.

ಕಡಿದವರು ಹೊರಗಿನ ಗುತ್ತಿಗೆಯವರು ಎಂದು ಆಗ ಹೇಳಿದ್ದರು. ಹೊರಗಿನವರಿಗೆ ಇಂಥ ಹಾಸಿಗೆ ಬರುವುದಿಲ್ಲ. ಆಗ ಈ ಕಡಲ ಕರೆಯಲ್ಲಿ ಹಾಸಿಗೆ ಬಲ್ಲವರು ಮೂರೋ ನಾಲ್ಕೋ ಜನ ಉಳಿದಿದ್ದರು. ನೀನು ಬೆನ್ನು ಹಿಡಿದು ಮಲಗಿದ್ದೆ, ಹತ್ತು ದಿನ ನಿನಗೆ ಬಟಾಣಿ ಸಾರು ಮಾಡಿ ಡೆಲ್ ಕೈಲಿ ಕಳಿಸಿದವಳು ನಾನೇ. ಹಾಗಾಗಿ ನಿನ್ನನ್ನೇ ಕೇಳುತ್ತೇನೆ: ಇದು ಯಾರ ಕೈ? ನವೆಂಬರ್ 14ರಂದು ಉದ್ಯಾನ ಮಂಡಳಿಯ ಸಭೆ ಇದೆ. ಮರದ ಫಲಕಗಳನ್ನೆಲ್ಲ ತೆಗೆದು ಅವೇ ಮಾತುಗಳನ್ನು ಕಂಚಿನಲ್ಲಿ ಎರಕ ಹೊಯ್ಯುತ್ತಾರಂತೆ. ಮರದ ಸುಳ್ಳು ಒಂದು ದಿನ ಕೊಳೆಯುತ್ತದೆ, ಕಂಚಿನದ್ದು ಕೊಳೆಯುವುದಿಲ್ಲ. ಅಷ್ಟರೊಳಗೆ ಆ ಸಾಲು ಹೋಗಬೇಕು. ನನಗೆ ಬೇಕಿರುವುದು ಅದೊಂದೇ.

ವರ್ನಾ ಹಸ್ಕಿನ್ಸ್


ರೊಟೊರುವಾ, ನ್ಯೂಜಿಲೆಂಡ್
ಸೆಪ್ಟೆಂಬರ್ 22, 1998

ವರ್ನಾ,

ನಿನ್ನ ಕಾಗದ ಬಂತು. ಕೈಬರಹ ಹಾಗೇ ಇದೆ, ಗ್ರಂಥಾಲಯದಲ್ಲಿ ತಡವಾಗಿ ಪುಸ್ತಕ ತಂದವರಿಗೆ ಚೀಟಿ ಬರೆಯುತ್ತಿದ್ದೆಯಲ್ಲ, ಹಾಗೆ. ಮಗಳು ಸೈಮಾ ಲಕೋಟೆ ನೋಡಿಯೇ “ಅಪ್ಪಾ, ಯಾರೋ ನಿನ್ ಮೇಲೆ ಕೋಪ ಮಾಡ್ಕೊಂಡಿದಾರೆ” ಎಂದಳು.

ಇಲ್ಲಿ ನಮ್ಮ ಕೆಂಪುಮರಗಳದೇ ಒಂದು ತೋಪಿದೆ. 1901ರಲ್ಲಿ ನೆಟ್ಟಿದ್ದು. ದಿನಾ ಬೆಳಗ್ಗೆ ಅಲ್ಲಿ ಒಂದು ಸುತ್ತು ಬರುತ್ತೇನೆ. ಮೊನ್ನೆ ಒಬ್ಬ ಹೆಂಗಸು ಮರ ತಬ್ಬಿಕೊಂಡು “ಎಂಥ ಪುರಾತನ ಆತ್ಮ” ಎಂದಳು. “ಅಮ್ಮಾ, ಇದು ನನಗಿಂತ ಇಪ್ಪತ್ತಾರು ವರ್ಷಕ್ಕೆ ದೊಡ್ಡದು ಅಷ್ಟೇ. ನನ್ನನ್ನೂ ತಬ್ಕೊಬಹುದು” ಎಂದೆ. ನಗಲಿಲ್ಲ. ಇಲ್ಲಿ ಮರ ಬೇಗ ಬೆಳೆಯುತ್ತದೆ, ಆದರೆ ಕಟ್ಟಿಗೆ ಮೆತ್ತಗೆ. ತಟ್ಟಿದರೆ ಮಾತಾಡುವುದಿಲ್ಲ.

ಹಾಸಿಗೆ ವಿಷಯ. ನೀನು ನೋಡಿದ್ದು ಹಾಸಿಗೆಯೇ ಇರಬಹುದು, ಆದರೆ ದೊಡ್ಡತ್ತೆಯದೇ ಎಂದು ಹೇಗೆ ಹೇಳುತ್ತೀ? ಉದ್ಯಾನ ಆಗುವ ಮೊದಲು ಆ ದಡದಲ್ಲಿ ನಿಮ್ಮಪ್ಪನ ಕಾಲದವರು ಎಷ್ಟೋ ಮರ ಮಲಗಿಸಿದ್ದಾರೆ. ಹಳೆಯ ಹಾಸಿಗೆಯ ಮೇಲೆ ಹೊಸ ಮರ ಬಿದ್ದಿರಬಹುದು. ಗಾಳಿಗೆ ವಾಲಿದ್ದನ್ನು ಗುತ್ತಿಗೆಯವರು ಅದೇ ದಿಕ್ಕಿಗೆ ಉರುಳಿಸಿರಬಹುದು. ತುದಿಯಿಂದ ಅರವತ್ತು ಅಡಿ ಈಚೆ ಆ ದೊಡ್ಡ ಬಂಡೆ ಇದೆಯಲ್ಲ, ಅದರ ಮೇಲೆ ತೋಳುದ್ದ ಮಣ್ಣು ಪೇರಿಸದಿದ್ದರೆ ಮರ ಅಲ್ಲೇ ಎರಡಾಗುತ್ತದೆ. ಅಷ್ಟು ಮಣ್ಣನ್ನು ಗಾಳಿ ತರುವುದಿಲ್ಲ, ಒಪ್ಪುತ್ತೇನೆ. ಹಳ್ಳ ತಂದಿರಬಹುದು.

ಡೆಲ್ ಒಳ್ಳೆಯವನು. ಅವನಿಗೆ ಯಾವ ಫಲಕದ ಹಂಗೂ ಬೇಡ. ಸತ್ತವರ ಕೆಳಗೆ ಏನಿದೆ ಎಂದು ಅಗೆಯಬೇಡ ವರ್ನಾ, ಮಂಡಿ ನೋಡಿಕೋ. ಇಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ಬಂದರೆ ನಿನಗೆ ಒಳ್ಳೆಯದಾಗುತ್ತದೆ ಎಂದು ಸೈಮಾ ಹೇಳುತ್ತಾಳೆ.

ರೇನೋ ಮಾಕಿ


ಪೆರಿನ್ ಬಂದರು
ಅಕ್ಟೋಬರ್ 5, 1998

ರೇನೋ,

ಬಂಡೆಯ ವಿಷಯ ನಾನು ಬರೆದಿರಲಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿ, ನನ್ನ ಕಾಗದದ ನಕಲನ್ನೂ ತೆಗೆದು ಓದಿದೆ. ನಾನು ನಕಲು ಇಟ್ಟುಕೊಳ್ಳುವವಳು, ನಿನಗೆ ಗೊತ್ತಿರಬೇಕಿತ್ತು. ಬುಡದ ಕಡೆ ಹತ್ತು ಅಡಿ ಬಯಲಾಗಿದೆ ಎಂದಷ್ಟೇ ಬರೆದಿದ್ದೇನೆ. ತುದಿಯ ಕಡೆ ದಿಮ್ಮಿ ಈಗಲೂ ಪಾಚಿ, ಜರಿಗಿಡಗಳ ಮೇಲೆ ಭದ್ರವಾಗಿ ಕೂತಿದೆ. ಅಲ್ಲಿ ಬಂಡೆ ಇದೆಯೆಂದು ಯಾರಿಗೂ ಕಾಣುವುದಿಲ್ಲ. ಶುಕ್ರವಾರ ಡೆಲ್‌ನ ಕಬ್ಬಿಣದ ಸಲಾಕೆ ತೆಗೆದುಕೊಂಡು ಹೋದೆ. ತುದಿಯಿಂದ ಅರವತ್ತು ಅಡಿ ಹೆಜ್ಜೆಯಲ್ಲಿ ಅಳೆದು ಪಕ್ಕದಿಂದ ಚುಚ್ಚಿದೆ. ತೋಳುದ್ದ ಮಣ್ಣು, ಆಮೇಲೆ ಟಣ್ ಎಂದು ಕಲ್ಲು.

ಆ ಕಲ್ಲಿನ ಮೇಲೆ ಎಷ್ಟು ಮಣ್ಣಿದೆ ಎಂದು ಗೊತ್ತಿರುವುದು ಮಣ್ಣು ಹಾಕಿದವನಿಗೆ ಮಾತ್ರ.

ನಿನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ಹತ್ತು ದಿನ ನನ್ನ ಸಾರು ಕುಡಿದು ಅವನ ಕುತ್ತಿಗೆಗೆ ಗರಗಸ ಇಟ್ಟೆ. ಮೇ ತಿಂಗಳಲ್ಲಿ ವಿಚಾರಣೆ ಮಾಡಿ ಅವನನ್ನು ತೆಗೆದಾಗ ನೀನು ಸಭೆಯ ಹಿಂದಿನ ಸಾಲಿನಲ್ಲಿ ಟೊಪ್ಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎದ್ದು ನಿಂತು “ಮರ ಗಟ್ಟಿ ಇತ್ತು, ಕಡಿದವನು ನಾನು” ಅಂದಿದ್ದರೆ ಮುಗಿದಿತ್ತು. ಮರುವರ್ಷ ಮಗಳ ಮನೆಗೆಂದು ಸಮುದ್ರ ದಾಟಿದೆ. ಅವನು ಸತ್ತಾಗ ಕುರಿಗಳ ಚಿತ್ರವಿದ್ದ ಒಂದು ಕಾರ್ಡು ಕಳಿಸಿದೆ. ಅದನ್ನು ನಾನು ನಿನ್ನ ದುಃಖ ಎಂದುಕೊಂಡಿದ್ದೆ.

ಕ್ಯಾಲ್ವಿನ್ ಸ್ಟ್ರೋಬ್ ಮೊನ್ನೆ ಬ್ರೆಡ್ಡಿನ ಅಂಗಡಿಯಲ್ಲಿ ಸಿಕ್ಕ. ಆಗ ಉದ್ಯಾನದ ಮೇಲ್ವಿಚಾರಕ, ಈಗ ನಿವೃತ್ತ, ಮಂಡಳಿಯ ಗೌರವ ಸದಸ್ಯ. ನಾನು ಸಭೆಗೆ ಹೆಸರು ಕೊಟ್ಟದ್ದು ಅವನ ಕಿವಿಗೆ ಬಿದ್ದಿದೆ.

“ಏನು ವರ್ನಾ, ಈ ಸಲ ಗಾಳಿನೇ ಕೋರ್ಟಿಗೆ ಎಳೀತೀಯಂತೆ?”

“ಗಾಳಿ ನಿಮ್ ಥರ ಪಿಂಚಣಿ ತಗೊಳ್ಳಲ್ಲ ಕ್ಯಾಲ್ವಿನ್. ಅದನ್ನ ಯಾಕೆ ಎಳೀಲಿ?”

“ನೋಡು, ಡೆಲ್ ನನಗೂ ಸ್ನೇಹಿತ. ವಯಸ್ಸಾದ ಮೇಲೆ ಕಣ್ಣು ಮಂಜಾಗೋದು ತಪ್ಪಲ್ಲ. ನಾವ್ಯಾರೂ ಅದನ್ನ ದೊಡ್ಡದು ಮಾಡ್ಲಿಲ್ಲ.”

“ಕಂಚಲ್ಲಿ ಬರೆಸ್ತಿದೀರಲ್ಲ, ಇನ್ನೆಷ್ಟು ದೊಡ್ಡದು ಮಾಡ್ಬೇಕು?”

ಅವನು ಅಂಗಡಿಯವಳ ಕಡೆ ತಿರುಗಿ, “ಇವರಿಗೆ ನನ್ನ ಲೆಕ್ಕದಲ್ಲಿ ಒಂದು ಸೇಬಿನ ಕಡುಬು ಕೊಡಮ್ಮ, ಸ್ವಲ್ಪ ಸಿಹಿ ಆಗ್ಲಿ” ಎಂದ. ಬ್ರೆಡ್ಡು ಅಲ್ಲೇ ಬಿಟ್ಟು ಬಂದೆ.

ನಿನ್ನಿಂದ ಕ್ಷಮೆ ಬೇಡ. ಒಂದು ತಾರೀಖು ಬೇಕು: ಹಾಸಿಗೆಗೆ ಮೊದಲ ಟೊಂಗೆ ಇಟ್ಟದ್ದು ಯಾವತ್ತು, ಇಡು ಎಂದವರು ಯಾರು. ನೋಟರಿಯ ಮುಂದೆ ಬರೆದು ಸಹಿ ಹಾಕಿ ಕಳಿಸು. ಒಬ್ಬ ಪ್ರಾಮಾಣಿಕ ಮನುಷ್ಯನ ಹೆಸರಿನ ಮೇಲಿನ ಕೊಳೆ ತೊಳೆಯುವುದು ನಿನ್ನಿಂದ ಮಾತ್ರ ಸಾಧ್ಯ.

ವರ್ನಾ


ಪೆರಿನ್ ಬಂದರು
ಅಕ್ಟೋಬರ್ 24, 1998

ರೇನೋ,

ಉತ್ತರ ಬಂದಿಲ್ಲ. ಸಭೆಗೆ ಮೂರು ವಾರ ಇದೆ. ನೀನು ಹೆದರುವುದು ಜೈಲಿಗಾದರೆ ವಕೀಲರನ್ನು ಕೇಳಿದ್ದೇನೆ, ಅವಧಿ ಮುಗಿದಿದೆಯಂತೆ. ನಿನ್ನನ್ನು ಯಾರೂ ಹಿಡಿಯುವುದಿಲ್ಲ. ಇನ್ನು ಬಚ್ಚಿಡಲು ಏನುಳಿದಿದೆ?

ವ.


ರೊಟೊರುವಾ
ಅಕ್ಟೋಬರ್ 25, 1998

ವರ್ನಾ,

ನಿನ್ನ ಅಕ್ಟೋಬರ್ ಐದರ ಕಾಗದ ಹತ್ತು ದಿನದಿಂದ ನನ್ನ ಅಂಗಿಯ ಜೇಬಿನಲ್ಲಿದೆ. ನಾಲ್ಕು ಸಲ ಉತ್ತರ ಬರೆದು ಹರಿದೆ. ಇದು ಐದನೆಯದು.

ಫೆಬ್ರವರಿ 2, ಸೋಮವಾರ. ಅಂದು ಮೊದಲ ಟೊಂಗೆ ಇಟ್ಟೆ. ಇಡು ಎಂದವನು ಸ್ಟ್ರೋಬ್ ಅಲ್ಲ. ಮರ ಕಡಿ ಎಂದವನು ಸ್ಟ್ರೋಬ್. ಜನವರಿ ಕೊನೆಯಲ್ಲಿ ನಮ್ಮ ಮನೆಗೆ ಬಂದ. ಬಸ್ಸಿನ ವೃತ್ತಕ್ಕೆ ದೊಡ್ಡತ್ತೆ ಅಡ್ಡ ಇದ್ದಾಳೆ, ಗಟ್ಟಿ ಮರ ಕಡಿಯಲು ಕಾನೂನಿಲ್ಲ, ಒಂದು ಜೋರು ಗಾಳಿ ಬಂದರೆ ಸಾಕು ಎಂದ. ಗಾಳಿ ಬಂದ ಮರುದಿನ ಕಡಿಯಲು ಎಲ್ಲ ಸಿದ್ಧವಿರಲಿ, ಬಾಯಿ ಮುಚ್ಚಿಕೊಂಡಿರು ಎಂದ. ಆಗ ನನಗೆ ಎರಡು ವರ್ಷದಿಂದ ಮರ ಸಿಕ್ಕಿರಲಿಲ್ಲ. ಅಂಥ ಮರ ಜೀವನದಲ್ಲೇ ಸಿಕ್ಕಿರಲಿಲ್ಲ. ನಾನು ಒಪ್ಪಿದ್ದು ಕೂಲಿಗಲ್ಲ ವರ್ನಾ. ಆಸೆಗೆ. ಬೇರೆ ಕಾರಣ ಹೇಳಿದರೆ ಅದು ಸುಳ್ಳಾಗುತ್ತದೆ.

ಹಾಸಿಗೆ ಹಾಕಬೇಕು ಎಂದೆ. ಸ್ಟ್ರೋಬ್ ನಕ್ಕ. “ಗಾಳಿ ಹಾಸಿಗೆ ಹಾಸುತ್ತೇನಯ್ಯಾ? ಸುಮ್ನೆ ಬೀಳ್ಸು. ಚೂರಾದ್ರೆ ಒಳ್ಳೇದೇ, ಕೊಳೆತಿತ್ತು ಅಂತ ಜನ ನಂಬ್ತಾರೆ.” ಅವನು ಹೇಳಿದ್ದು ಸರಿ. ಹಾಗೆ ಮಾಡಿದ್ದರೆ ನೀನು ಇವತ್ತು ಏನೂ ಕಂಡುಹಿಡಿಯುತ್ತಿರಲಿಲ್ಲ. ನನ್ನ ಕೈಗೂ ಹಾಸಿಗೆಯಿಲ್ಲದೆ ಮರ ಬೀಳಿಸಿ ಗೊತ್ತಿರಲಿಲ್ಲ. ಆದರೂ ಅವನ ಮಾತಿಗೆ ತಲೆಯಾಡಿಸಿದ್ದೆ.

ಹಾಸಿಗೆ ಹಾಸು ಎಂದವನು ಡೆಲ್.

ಸೋಮವಾರ ಬೆಳಗ್ಗೆ ನಾನು ಬೀಳುವ ದಿಕ್ಕು ನೋಡುತ್ತಿದ್ದಾಗ ನಿನ್ನ ಸಾರಿನ ಡಬ್ಬಿ ಹಿಡಿದು ಬಂದ. ಅವನಿಗೆ ಎಲ್ಲ ಗೊತ್ತಿತ್ತು. ಸೇತುವೆ ದುರಸ್ತಿ ಎಂದು ದಾರಿಗೆ ಸರಪಳಿ ಹಾಕಿದವನೂ ಅವನೇ. ಸ್ಟ್ರೋಬ್ ಅವನಿಗೆ ಎರಡು ನಕ್ಷೆ ತೋರಿಸಿದ್ದನಂತೆ. ಒಂದರಲ್ಲಿ ದೊಡ್ಡತ್ತೆ ಹೋಗುತ್ತಾಳೆ. ಇನ್ನೊಂದರಲ್ಲಿ ಅವಳು ಉಳಿದು ಹಳ್ಳದಾಚೆಯ ಏಳು ಮರ ಹೋಗುತ್ತವೆ. ಆರಿಸು ಎಂದನಂತೆ. ಡೆಲ್ ಏಳನ್ನು ಉಳಿಸಿಕೊಂಡ. ಅವನ ವರದಿಗೆ ಏನೂ ಆಗುವುದಿಲ್ಲ, ಸೆಪ್ಟೆಂಬರಿನಲ್ಲಿ ಗಟ್ಟಿ ಇತ್ತು, ಫೆಬ್ರವರಿಯ ಗಾಳಿಗೆ ಸೀಳಿತು ಎಂದಷ್ಟೇ ಬರೆಯುತ್ತೇವೆ ಎಂದು ಸ್ಟ್ರೋಬ್ ಮಾತು ಕೊಟ್ಟಿದ್ದ.

“ಇವಳು ಹೋಗೋದು ತಪ್ಪೋದಿಲ್ಲ ರೇನೋ. ಚೂರು ಮಾಡ್ಬೇಡ. ಅಷ್ಟು ಮರ್ಯಾದೆ ಆದ್ರೂ ಕೊಡೋಣ” ಎಂದ.

“ಸ್ಟ್ರೋಬ್ ಬೇಡ ಅಂದಿದಾನೆ.”

“ಅವನು ಮರ ಕಡಿಯೋನಾ, ನೀನಾ?”

ಹತ್ತು ದಿನ ಇಬ್ಬರೂ ಹಾಸಿದೆವು. ಟೊಂಗೆ ಕಡಿದು ಹೊತ್ತು ತಂದವನು ಅವನು, ಜೋಡಿಸಿದವನು ನಾನು. ಬಂಡೆಯ ಮೇಲಿನ ಮಣ್ಣು ಅವನ ಗುದ್ದಲಿಯದು. ಮಧ್ಯಾಹ್ನ ಆ ಟೊಂಗೆಗಳ ಮೇಲೆ ಕೂತು ನಿನ್ನ ಸಾರನ್ನು ಇಬ್ಬರೂ ಕುಡಿಯುತ್ತಿದ್ದೆವು. ಕಡಿಯುವ ದಿನ ಮಾತ್ರ ಬರಲಾರೆ ಎಂದ. “ನಾನು ಮನೇಲಿ ಇರ್ತೀನಿ. ಗೊತ್ತಾಗುತ್ತೆ” ಎಂದ.

ಆಮೇಲೆ ಮೇಲಿನವರು, ಗಟ್ಟಿ ಮರ ಒಂದು ಗಾಳಿಗೆ ಹೇಗೆ ಸೀಳಿತು ಎಂದು ಕೇಳಿದರು. ಸ್ಟ್ರೋಬ್‌ಗೆ ಕೊಳೆತ ಬೇಕಾಯಿತು. ಕೊಳೆತ ಬಂದ ಮೇಲೆ ಅದನ್ನು ನೋಡದವನೊಬ್ಬ ಬೇಕಾಯಿತು. ಮೇ ತಿಂಗಳ ಸಭೆಯಲ್ಲಿ ನಾನು ಟೊಪ್ಪಿ ಹಿಡಿದು ಏಳಲು ಹೊರಟಿದ್ದೆ. ಡೆಲ್ ಮುಂದಿನ ಸಾಲಿನಿಂದ ತಿರುಗಿ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದ. ನೀನು ಅವನ ಪಕ್ಕದಲ್ಲೇ ಕೂತಿದ್ದೆ. ಹೆಂಡತಿಯ ಮುಂದೆ ಕುರುಡನಾಗುವುದು ಅವನಿಗೆ ಸುಲಭವಾಯಿತು, ಕಳ್ಳನಾಗುವುದಕ್ಕಿಂತ.

ಇದರ ಜೊತೆ ನೋಟರಿಯ ಮುದ್ರೆ ಬಿದ್ದ ಎರಡು ಹೇಳಿಕೆಗಳಿವೆ. ಒಂದರಲ್ಲಿ ಎಲ್ಲವೂ ಇದೆ. ಇನ್ನೊಂದರಲ್ಲಿ ತಾರೀಖು, ಸ್ಟ್ರೋಬ್, ನಾನು, ಮರ ಗಟ್ಟಿ ಇತ್ತು ಎಂಬುದಿದೆ. ಡೆಲ್ ಹೆಸರಿಲ್ಲ. ಅದರಲ್ಲೂ ಒಂದಕ್ಷರ ಸುಳ್ಳಿಲ್ಲ. ಯಾವುದು ಬೇಕೋ ಕೊಡು, ಇನ್ನೊಂದನ್ನು ಸುಟ್ಟುಹಾಕು. ನಾನು ಯಾರಿಗೂ ಹೇಳುವುದಿಲ್ಲ.

ರೇನೋ


ಪೆರಿನ್ ಬಂದರು
ನವೆಂಬರ್ 8, 1998

ರೇನೋ,

ಮೂರು ದಿನ ಆ ಎರಡು ಹಾಳೆಗಳನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟು, ಅವುಗಳ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಊಟ ಮಾಡಿದೆ.

ಮೊದಲು ನಿನ್ನನ್ನು ನಂಬಲಿಲ್ಲ. ಸತ್ತವನ ಮೇಲೆ ಹೊರೆ ಹಾಕುವುದು ಸುಲಭ ಎಂದುಕೊಂಡೆ. ಆಮೇಲೆ ಸಾರು ನೆನಪಾಯಿತು. ದಿನಾ ಸಂಜೆ ಕೇಳುತ್ತಿದ್ದೆ, “ಹೇಗಿದೆ ರೇನೋ ಬೆನ್ನು?” ಎಂದು. “ಬಗ್ಗೋಕೇ ಆಗ್ತಿಲ್ಲ ಪಾಪ” ಎನ್ನುತ್ತಿದ್ದ. ಹಾಗೆನ್ನುವಾಗ ತನ್ನ ಸೊಂಟ ಹಿಡಿದುಕೊಳ್ಳುತ್ತಿದ್ದ. ಅವನಿಗೆ ನಿಜವಾಗಿ ನೋಯುತ್ತಿತ್ತು, ಟೊಂಗೆ ಹೊತ್ತು. ನಾನು ಎಣ್ಣೆ ತಿಕ್ಕಿದೆ. ಸ್ನೇಹಿತನ ನೋವನ್ನು ತನ್ನದೆಂದುಕೊಳ್ಳುವವನು ಎಂದು ಮನಸ್ಸಿನಲ್ಲೇ ಹೊಗಳಿದೆ.

ಕಿಟಕಿಯ ಗಾಜಿನ ಕತೆಯನ್ನು ಹನ್ನೊಂದು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ಅವನ ಕಿವಿಯನ್ನು ಮೆಚ್ಚಿ ಹೇಳುತ್ತಿದ್ದೆ. ಅವನು ಆ ಸದ್ದಿಗಾಗಿಯೇ ಕಾದು ಕೂತಿದ್ದ.

ಆದರೆ ನನ್ನ ಸಂಕಟ ಅದಲ್ಲ. ಏಳಕ್ಕೆ ಒಂದನ್ನು ಕೊಟ್ಟ, ಅದನ್ನು ಹೇಗೋ ಅರ್ಥ ಮಾಡಿಕೊಳ್ಳಬಹುದು. ಏಳರಲ್ಲಿ ಎರಡನ್ನು 1990ರಲ್ಲಿ ಶೌಚಾಲಯ ಕಟ್ಟಲು ಕಡಿದರು. ಆ ಸುದ್ದಿ ಓದಿದ ದಿನ ಅವನು ಊಟ ಬಿಟ್ಟು ಎದ್ದುಹೋದದ್ದು ಯಾಕೆಂದು ಈಗ ತಿಳಿಯಿತು. ಸಂಕಟ ಇದು: ನಾನು ಅವನಿಗಾಗಿ ಚರ್ಚಿನ ಹೆಂಗಸರೊಡನೆ ಜಗಳವಾಡಿ ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ನನ್ನ ತಂಗಿ “ಡೆಲ್ ಒಂದು ಸಲ ತಪ್ಪಿರಬಹುದಲ್ವೇನೇ ಅಕ್ಕ” ಎಂದದ್ದಕ್ಕೆ ಎರಡು ವರ್ಷ ಮಾತು ಬಿಟ್ಟೆ. ಪತ್ರಿಕೆಗೆ ಹದಿನಾಲ್ಕು ಕಾಗದ ಬರೆದೆ. ಪ್ರತಿಯೊಂದನ್ನೂ ಅವನಿಗೆ ಓದಿ ಹೇಳಿದೆ. ಪಕ್ಕದ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ. ಒಮ್ಮೆ “ಇಲ್ಲಿ ‘ದ್ರೋಹ’ ಅಂತ ಹಾಕಿದೀಯಲ್ಲ, ಅಷ್ಟು ಖಾರ ಬೇಡ” ಎಂದ. ನಾನು ಬಿಡಲಿಲ್ಲ. ಆ ಮಾತು ಅಚ್ಚಾಯಿತು.

ನಿನ್ನ ಬಗ್ಗೆಯೂ ಒಂದು ಮಾತು. ಎರಡನೆಯ ಹೇಳಿಕೆಯನ್ನು ದಯೆಯೆಂದು ಕಳಿಸಿದ್ದೀ. ನಾನು ಬಿದ್ದರೆ ಚೂರಾಗದಿರಲಿ ಎಂದು ನನಗೂ ಟೊಂಗೆ ಹಾಸಿದ್ದೀ. ಗಂಡಸರಾದ ನೀವಿಬ್ಬರೂ ಕಲಿತ ವಿದ್ಯೆ ಅದೊಂದೇ: ಬೀಳಿಸುವುದನ್ನು ನಿಲ್ಲಿಸಲಾರಿರಿ, ಬೀಳುವುದನ್ನು ಮೆತ್ತಗೆ ಮಾಡುತ್ತೀರಿ.

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂದು ನೀನು ಬರೆದೆ. ನಿಜ. ಅದನ್ನು ಕೊಟ್ಟರೆ ಫಲಕದ ಆ ಸಾಲು ಹೋಗುತ್ತದೆ, ಸ್ಟ್ರೋಬ್ ತಲೆ ತಗ್ಗಿಸುತ್ತಾನೆ, ಡೆಲ್ ಬೆಳ್ಳಗಾಗುತ್ತಾನೆ. ನಾನು ಬೇಡಿದ್ದೆಲ್ಲ ಸಿಗುತ್ತದೆ. ನಿನ್ನೆ ಅದನ್ನು ಲಕೋಟೆಗೆ ಹಾಕಿ ಅಂಟಿಸಿಯೂ ಇದ್ದೆ. ಆದರೆ ಈ ಊರಿನವರು ತಮಗೆ ಬೇಕಾದಷ್ಟು ಮಾತ್ರ ಹೇಳಿ ಉಳಿದದ್ದನ್ನು ನುಂಗುವುದನ್ನು ನಾನು ಹನ್ನೊಂದು ವರ್ಷ ಬೈದಿದ್ದೇನೆ. ಬೈದ ಬಾಯಲ್ಲೇ ಅದನ್ನು ಹೇಗೆ ತಿನ್ನಲಿ?

ಎರಡನೆಯದನ್ನು ಇದರೊಡನೆ ವಾಪಸು ಕಳಿಸಿದ್ದೇನೆ. ಸುಡುವುದಾದರೆ ನೀನೇ ಸುಡು. ಬಿಸಿನೀರಿನ ಬುಗ್ಗೆಗೆ ನಾನು ಬರುವುದಿಲ್ಲ. ಇನ್ನು ಬರೆಯಬೇಡ.

ವರ್ನಾ


ಪೆರಿನ್ ಬಂದರು
ನವೆಂಬರ್ 14, 1998

ಪೆರಿನ್ ಹಳ್ಳದ ಉದ್ಯಾನ ಮಂಡಳಿಯ ಅಧ್ಯಕ್ಷರಿಗೆ. ಪ್ರತಿ, ಊರಿನ ಪತ್ರಿಕೆಗೆ

ಮಾನ್ಯರೇ,

ಸಭೆಯಲ್ಲಿ ನನಗೆ ಮೂರು ನಿಮಿಷ ಕೊಟ್ಟಿದ್ದೀರಿ. ಮೂರು ನಿಮಿಷ ಕಳೆದರೂ ದಾಖಲೆಯಲ್ಲಿ ಉಳಿಯಲಿ ಎಂದು ಬರೆದು ಕೊಡುತ್ತಿದ್ದೇನೆ.

ನಿಮ್ಮ ಉದ್ಯಾನದ ಅತ್ಯಂತ ಹಳೆಯ ಮರ 1987ರ ಫೆಬ್ರವರಿ 1ರಂದು ಗಟ್ಟಿಯಾಗಿತ್ತು. ಫೆಬ್ರವರಿ 2ರಂದು ಅದನ್ನು ಉರುಳಿಸಲು ಹಾಸಿಗೆ ಹಾಸತೊಡಗಿದರು. ಗಾಳಿ ಬಂದದ್ದು 12ರಂದು. ಆ ಹಾಸಿಗೆ ಇಂದಿಗೂ ದಿಮ್ಮಿಯ ಕೆಳಗಿದೆ. ನಿಮ್ಮಲ್ಲಿ ಯಾರಿಗೆ ಬಗ್ಗಲು ಬರುತ್ತದೋ ಅವರು ನೋಡಬಹುದು. ಮರ ಕಡಿದ ರೇನೋ ಮಾಕಿ ಎಂಬವರು ನೋಟರಿಯ ಮುಂದೆ ಬರೆದುಕೊಟ್ಟ ಹೇಳಿಕೆಯನ್ನು ಲಗತ್ತಿಸಿದ್ದೇನೆ.

ಅದರ ಎರಡನೆಯ ಪುಟದಲ್ಲಿ ದಾರಿಗೆ ಸರಪಳಿ ಹಾಕಿ, ಟೊಂಗೆ ಹೊತ್ತು, ಮಣ್ಣು ತುಳಿದ ಇನ್ನೊಬ್ಬನ ಹೆಸರಿದೆ: ಡೆಲ್ಬರ್ಟ್ ಹಸ್ಕಿನ್ಸ್, ನನ್ನ ಗಂಡ. ಅವನು ಕುರುಡನಾಗಿರಲಿಲ್ಲ, ನಿರಪರಾಧಿಯೂ ಆಗಿರಲಿಲ್ಲ. ಇಷ್ಟು ವರ್ಷ ನಾನು ಇದೇ ಸಭೆಯಲ್ಲಿ ಅವನು ನಿರಪರಾಧಿ ಎಂದು ಕೂಗಿದ್ದೇನೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವನ ಪಾಲನ್ನು ನಿಮ್ಮ ಕಂಚಿನಲ್ಲಿ ಬರೆಯುವುದಾದರೆ ಬರೆಯಿರಿ, ನನ್ನ ಆಕ್ಷೇಪಣೆ ಇಲ್ಲ. ಆದರೆ ಅವನು ಮಾಡಿದ್ದನ್ನು ಬರೆಯಿರಿ. ಮಾಡದೇ ಇದ್ದದ್ದನ್ನಲ್ಲ.

ನನ್ನ ಮನೆಯ ಹೆಸರನ್ನು ನಾನು ಹೇಳಿದ್ದೇನೆ. ಈಗ ನಿಮ್ಮ ಸರದಿ. ಶ್ರೀ ಕ್ಯಾಲ್ವಿನ್ ಸ್ಟ್ರೋಬ್ ಈ ಕೋಣೆಯಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಎರಡು ನಕ್ಷೆಗಳನ್ನು ಮಾಡಿಸಿದವರು ಯಾರು? ಗಟ್ಟಿ ಮರಕ್ಕೆ ಕೊಳೆತ ಎಂದು ಬರೆದ ಕೈ ಯಾರದು? ಆಗ ಅದನ್ನು ಓದಿ ಸಹಿ ಹಾಕಿದ ಮಂಡಳಿಯ ಸದಸ್ಯರಲ್ಲಿ ಎಷ್ಟು ಜನಕ್ಕೆ ನಿಜ ಗೊತ್ತಿತ್ತು? “ಪರಿಶೀಲಿಸಿ ತಿಳಿಸಲಾಗುವುದು” ಎಂಬ ಕಾಗದವನ್ನು ನನ್ನ ಮನೆಗೆ ಕಳಿಸಬೇಡಿ. ಒಬ್ಬೊಬ್ಬರಾಗಿ ಎದ್ದು ನಿಂತು, ಈ ಊರಿನವರ ಮುಂದೆ, ಇವತ್ತೇ, ಹೆಸರು ಹೇಳಿ.

ವರ್ನಾ ಹಸ್ಕಿನ್ಸ್